ತುಕ್ಕು ಹಿಡಿದ ಬೋಲ್ಟು ಬಿಚ್ಚಲು ಬಲವೋ, ಎಣ್ಣೆಯೋ, ಬೆಂಕಿಯೋ?

ಹಳೇ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಹೊಸ ಪಾರ್ಟ್ ಹಾಕುವುದು ಸುಲಭ, ಹಳೆಯದನ್ನು ಬಿಚ್ಚುವುದೇ ಕಷ್ಟ. ಕೆಸರು, ನೀರು ಕುಡಿದು ಅಡಿಯ ಬೋಲ್ಟುಗಳೆಲ್ಲ ಕಚ್ಚಿಕೊಂಡಿರುತ್ತವೆ. ಹಿಂದಿನ ಲೀಫ್ ಸ್ಪ್ರಿಂಗನ್ನು (ಪಟ್ಟಿ ಸ್ಪ್ರಿಂಗ್) ಚಾಸಿಸ್‌ಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್, ಅದರೊಳಗಿನ ರಬ್ಬರ್ ಬುಷ್ ಬದಲಿಸುವಾಗ ನಾನು ಎಲ್ಲ ದಾರಿಗಳನ್ನೂ ಹಿಡಿದು ನೋಡಿದೆ.

ಮೊದಲು ಬಲ. ಪಾನಾದ ಹಿಡಿಗೆ ಉದ್ದದ ಪೈಪ್ ತೂರಿಸಿ ಎಳೆದೆ. ಬೋಲ್ಟು ಕಟ್ಟಾಯಿತು! ಉಳಿದ ತುಂಡನ್ನು ಡ್ರಿಲ್ ಮಾಡಿ ತೆಗೆಯಲು ಅರ್ಧ ದಿನ ಹೋಯಿತು. ಹನ್ನೆರಡು ಮೂಲೆಯ ಸಾಕೆಟ್ ಇನ್ನೊಂದು ನಟ್ಟಿನ ಮೂಲೆಗಳನ್ನೇ ಸವೆಸಿತು. ಆರು ಮೂಲೆಯದು ನಟ್ಟಿನ ಮಟ್ಟಸ ಬದಿಗಳನ್ನು ಹಿಡಿಯುತ್ತದೆ, ಜಾರುವುದು ಕಡಿಮೆ. ಹೀಗೆ ಜೋರಾಗಿ ಎಳೆಯುವಾಗ ಗಾಡಿ ಬರೀ ಜಾಕ್ ಮೇಲೆ ಇರಲೇಬಾರದು, ಗಟ್ಟಿ ಸ್ಟ್ಯಾಂಡ್ ಬೇಕು.

ಆಮೇಲೆ ಎಣ್ಣೆ. ನೀರು ಹೊರದೂಡುವ ಮಾಮೂಲಿ ಸ್ಪ್ರೇ ಬಾಗಿಲಿನ ಹಿಂಜಿಗೆ ಸಾಕು, ಶ್ಯಾಕಲ್‌ಗೆ ಸಾಲಲಿಲ್ಲ. ತುಕ್ಕಿಗೆಂದೇ ಇರುವ, ಸಂದಿಯೊಳಗೆ ಇಳಿಯುವ ಪೆನೆಟ್ರೇಟಿಂಗ್ ಎಣ್ಣೆ ಕೆಲಸ ಮಾಡಿತು, ಆದರೆ ಅದಕ್ಕೆ ಸಮಯ ಕೊಡಬೇಕು. ವೈರ್ ಬ್ರಷ್‌ನಿಂದ ಮೇಲಿನ ತುಕ್ಕು ಉಜ್ಜಿ, ಎರಡು ದಿನ ಬೆಳಿಗ್ಗೆ ಸಂಜೆ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಮೊದಲು ಸ್ವಲ್ಪ ಬಿಗಿ ಕಡೆಗೆ, ಆಮೇಲೆ ಸಡಿಲಿಸುವ ಕಡೆಗೆ ತಿರುಗಿಸಿದೆ. ಎರಡು ಬೋಲ್ಟು ಹಾಗೇ ಬಂದವು.

ಆಟೋಮ್ಯಾಟಿಕ್ ಗೇರ್ ಎಣ್ಣೆ, ಅಸಿಟೋನ್ ಸಮಸಮ ಬೆರೆಸುವ ಮನೆಮದ್ದೂ ಇದೆ, ಅಲ್ವಾ? ಅವೆರಡೂ ಬೆರೆತು ನಿಲ್ಲುವುದಿಲ್ಲ, ಪ್ರತಿ ಸಲವೂ ಕುಲುಕಬೇಕು. ನನಗೆ ಕೊಂಡ ಎಣ್ಣೆಗಿಂತ ಜಾಸ್ತಿ ಲಾಭ ಕಾಣಲಿಲ್ಲ. ಅಸಿಟೋನ್ ಪೇಂಟ್ ತಿನ್ನುತ್ತದೆ, ಬೇಗ ಬೆಂಕಿ ಹತ್ತುತ್ತದೆ. ನಾನಂತೂ ಮತ್ತೆ ಮಾಡುವುದಿಲ್ಲ.

ಎಲ್ಲಕ್ಕಿಂತ ಬೇಗ ಫಲ ಕೊಟ್ಟಿದ್ದು ಬೆಂಕಿ. ಗ್ಯಾಸ್ ಟಾರ್ಚ್‌ನಿಂದ ಬೋಲ್ಟಿಗಲ್ಲ, ನಟ್ಟಿಗೆ ಶಾಖ ಕೊಡಬೇಕು. ನಟ್ಟು ಹಿಗ್ಗಿದಾಗ ತುಕ್ಕಿನ ಹಿಡಿತ ಬಿರಿಯುತ್ತದೆ. ಹಟ ಹಿಡಿದಿದ್ದ ಕೊನೆಯದು ಕೆಲವೇ ನಿಮಿಷಕ್ಕೆ ತಿರುಗಿತು. ಆದರೆ ಅಲ್ಲೇ ರಬ್ಬರ್ ಬುಷ್ ಇರುತ್ತದೆ. ನನ್ನದು ಹೇಗೂ ಎಸೆಯುವುದಾಗಿತ್ತು, ಅದಕ್ಕೇ ಧೈರ್ಯ ಮಾಡಿದೆ. ಬ್ರೇಕ್ ಹೋಸ್, ಡೀಸೆಲ್ ಪೈಪ್ ಹತ್ತಿರ ಟಾರ್ಚ್ ಬೇಡವೇ ಬೇಡ. ಹಾಕಿದ ಎಣ್ಣೆಯನ್ನು ಮೊದಲು ಚೆನ್ನಾಗಿ ಒರೆಸಿ. ಬ್ರೇಕ್ ಕ್ಲೀನರ್‌ನಿಂದ ತೊಳೆಯಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಬಿಸಿಯಾದರೆ ಫಾಸ್ಜೀನ್ ಎಂಬ ವಿಷದ ಗಾಳಿ ಬರುತ್ತದೆ.

ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟುಗಳಿಗೆ ಇಷ್ಟೆಲ್ಲ ಕಷ್ಟಪಡಲಿಲ್ಲ. ಒಮ್ಮೆ ಬಿಗಿದು ಹಿಗ್ಗಿದವನ್ನು ಮತ್ತೆ ಹಾಕಬಾರದು, ಹಾಗಾಗಿ ಗ್ರೈಂಡರ್‌ನಿಂದ ಕತ್ತರಿಸಿದೆ.

ಈಗ ನಾನು ಎಣ್ಣೆಯಿಂದಲೇ ಶುರು ಮಾಡುತ್ತೇನೆ, ಆಗದಿದ್ದರೆ ಮಾತ್ರ ಟಾರ್ಚ್. ಹೊಸ ಬೋಲ್ಟಿಗೆ ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ಹಚ್ಚಿದೆ. ಅದು ಹಚ್ಚಿದಾಗ ಒಣ ಬೋಲ್ಟಿಗೆ ಹೇಳಿದಷ್ಟು ಬಿಗಿಯಬಾರದು, ಜಾರುವುದರಿಂದ ಬೋಲ್ಟು ಅತಿಯಾಗಿ ಹಿಗ್ಗುತ್ತದೆ. ಮೊನ್ನೆ ಅದೇ ಶ್ಯಾಕಲ್ ಮತ್ತೆ ಬಿಚ್ಚಿದೆ. ಪೈಪ್ ಬೇಕಾಗಲಿಲ್ಲ, ಬರೀ ಪಾನಾಕ್ಕೇ ಬಂತು.