ಎಮರ್ಜೆನ್ಸಿ ಬಿವಿ ಬ್ಯಾಗ್ (ಬಯಲಲ್ಲಿ ರಾತ್ರಿ ಕಳೀಬೇಕಾಗಿ ಬಂದ್ರೆ ಒಳಗೆ ತೂರ್ಕೊಳ್ಳೋ ಚೀಲ) ರಿವ್ಯೂ: ಸಹಸ್ರತಾಲ್ ಆದ್ಮೇಲೆ ನಮ್ಮ ಗ್ಯಾಂಗಿನವರೆಲ್ಲ ತಗೊಂಡಿದ್ದು

2024ರ ಜೂನ್ 3ಕ್ಕೆ ಉತ್ತರಾಖಂಡದ ಸಹಸ್ರತಾಲ್ ಸರೋವರದ ಹತ್ರ ನಮ್ಮ ಕರ್ನಾಟಕದವರೇ ಹೆಚ್ಚಿದ್ದ 22 ಜನರ ಟೀಮು ಹಿಮಗಾಳಿಗೆ ಸಿಕ್ಕಿ 9 ಜನ ತೀರ್ಕೊಂಡ್ರಲ್ಲ, ಅವತ್ತಿಂದ ನಾವು ಟ್ರೆಕ್ಕಿಂಗ್ ಮಾಡೋರು ಎಲ್ಲಿ ಸೇರಿದ್ರೂ ಮಾತು ತಿರುಗಿ ಅಲ್ಲಿಗೇ ಹೋಗುತ್ತೆ. ತೀರ್ಕೊಂಡವರಲ್ಲಿ 34 ವರ್ಷದವರೂ ಇದ್ರು, 71 ವರ್ಷದವರೂ ಇದ್ರು. ಅಷ್ಟು ವಯಸ್ಸಲ್ಲೂ ಬೆಟ್ಟದ ಮೇಲಿನ ಪ್ರೀತಿ ಬಿಡದವರು. "ಮನೇಲಿ ಇರೋದು ಬಿಟ್ಟು ಅಲ್ಲಿಗ್ಯಾಕೆ ಹೋಗ್ಬೇಕಿತ್ತು" ಅಂತ ಅನ್ನೋರು ಕೆಲವರು ಇದ್ರು, ಆ ಮಾತು ಕೇಳಿದ್ರೆ ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆದ್ರೆ ನಮ್ಮೊಳಗೆ ನಾವು ಮಾತಾಡ್ಕೊಂಡಿದ್ದು ಬೇರೆ. ಅವರು ಸರೋವರ ನೋಡಿ ಕ್ಯಾಂಪ್‌ಗೆ ವಾಪಸ್ ಬರ್ತಿರೋವಾಗ ವೆದರ್ ಕೆಟ್ಟಿದ್ದು, ದಾರಿ ಕಾಣ್ದೆ ರಾತ್ರಿಯೆಲ್ಲ ಬಯಲಲ್ಲೇ ಕಳೀಬೇಕಾಯ್ತು. ಸಹಸ್ರತಾಲ್ ಇರೋದೇ 14 ಸಾವಿರ ಅಡಿ ಮೇಲೆ, ನೆಟ್‌ವರ್ಕ್ ಇಲ್ಲ, ಸುದ್ದಿ ಹೊರಗೆ ಬರೋಕೇ ಮಾರನೇ ದಿನ ಆಯ್ತು, ಆಮೇಲೆ ಏರ್‌ಫೋರ್ಸ್ ಹೆಲಿಕಾಪ್ಟರ್ ಬಂತು, ನಮ್ಮ ಸರ್ಕಾರದಿಂದ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋದ್ರು. ಅಂಥಾ ರಾತ್ರಿ ನಮಗೆ ಬಂದ್ರೆ ನಮ್ಮ ಬ್ಯಾಗಲ್ಲಿ ಏನಿರುತ್ತೆ? ಸಮಿಟ್ ದಿನ, ಅಂದ್ರೆ ತುದಿಗೆ ಹತ್ತೋ ದಿನ, ಎಲ್ಲರ ಬೆನ್ನಿನ ಚಿಕ್ಕ ಬ್ಯಾಗಲ್ಲೂ ಇರೋದು ನೀರು, ಪ್ಯಾಕ್ ಮಾಡಿದ ಊಟ, ಪಾಂಚೋ (ಮಳೆಗೆ ಹೊದ್ಕೊಳ್ಳೋದು), ಫೋನು. ಟೆಂಟು, ಸ್ಲೀಪಿಂಗ್ ಬ್ಯಾಗು ಎಲ್ಲ ಕ್ಯಾಂಪಲ್ಲೇ ಉಳ್ದಿರುತ್ತೆ.

ಅದಕ್ಕೇ ಈ ಬಿವಿ ಬ್ಯಾಗ್ ತಗೊಂಡಿದ್ದು. ಬೆಳ್ಳಿ ಥರ ಹೊಳೆಯೋ ತೆಳು ಹಾಳೆಯಿಂದ ಮಾಡಿರೋ ಚೀಲ, ಹೊರಗಡೆ ಕಿತ್ತಳೆ ಬಣ್ಣ, ಮಡಚಿದ್ರೆ ಅಂಗೈಯಲ್ಲಿ ಹಿಡಿಯುತ್ತೆ, ತೂಕ ನೂರು ಚಿಲ್ರೆ ಗ್ರಾಂ, ಸಾವಿರ ರೂಪಾಯಿ ಒಳಗೆ ಸಿಗ್ತು. ಜೊತೆಗೊಂದು ಸೀಟಿನೂ ಕೊಟ್ಟಿದಾರೆ.

ಮೂಡಿಗೆರೆ ಕಡೆ ನಮ್ಮ ಸ್ನೇಹಿತನ ತೋಟದಲ್ಲಿ ಜುಲೈ ಮಳೇಲಿ ರಾತ್ರಿ ಹೊರಗಡೆನೇ ಇದರೊಳಗೆ ಮಲಗಿ ನೋಡಿದ್ವಿ. ಗಾಳಿನ ಚೆನ್ನಾಗಿ ತಡೆಯುತ್ತೆ, ಒಳಗೆ ಹೋದ ಸ್ವಲ್ಪ ಹೊತ್ತಿಗೆ ಮೈ ಬಿಸಿ ವಾಪಸ್ ಮೈಗೇ ಬರೋದು ಗೊತ್ತಾಗುತ್ತೆ. ಆದ್ರೆ ಕೆಳಗೆ ಮ್ಯಾಟ್ ಹಾಕ್ದೆ ಬರೀ ನೆಲದ ಮೇಲೆ ಮಲಗಿದ್ರೆ ಬೆನ್ನು ತಣ್ಣಗೆ ಕೊರೆಯುತ್ತೆ, ಯಾಕಂದ್ರೆ ಈ ಹಾಳೆಗೆ ದಪ್ಪನೇ ಇಲ್ಲ, ನೆಲ ಎಳ್ಕೊಳ್ಳೋ ಶಾಖನ ಇದು ನಿಲ್ಲಿಸಲ್ಲ. ಬ್ಯಾಗು, ಹಗ್ಗ, ಒಣ ಹುಲ್ಲು, ಏನಾದ್ರೂ ಕೆಳಗೆ ಹಾಕ್ಕೊಳ್ಳಲೇಬೇಕು. ಇನ್ನೊಂದು, ಗಾಳಿ ಆಡಲ್ಲ, ಬೆವರು ಉಸಿರು ಎಲ್ಲ ಒಳಗೇ ನೀರಾಗಿ ಕೂರುತ್ತೆ, ಬೆಳಗ್ಗೆ ಹೊತ್ತಿಗೆ ಶರ್ಟು ಒದ್ದೆ. ಮುಖ ಹೊರಗಿಟ್ಟು ಉಸಿರಾಡಿದ್ರೆ ಸ್ವಲ್ಪ ಪರವಾಗಿಲ್ಲ. ಶಬ್ದ ಅಂತೂ ರಾತ್ರಿಯೆಲ್ಲ ಚರಚರ, ನಿದ್ದೆ ಬರೋದು ಕಷ್ಟ.

ನಮ್ಮ ಜೊತೆ ಬರೋ ಡಾಕ್ಟರ್ ಒಬ್ರು ಹೇಳೋದು, ಮೈ ಒಳಗಿನ ಟೆಂಪರೇಚರ್ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದ್ರೆ ಹೈಪೋಥರ್ಮಿಯಾ, ಒದ್ದೆ ಬಟ್ಟೆ ಮತ್ತೆ ಗಾಳಿ ಎರಡೂ ಸೇರಿದ್ರೆ ಬಹಳ ಬೇಗ ಇಳಿಯುತ್ತೆ, ಮಾತು ತೊದಲೋದು, ಕಾಲು ಎಡವೋದು ಶುರುವಾದ್ರೆ ಹುಷಾರಾಗ್ಬೇಕು, ನಡುಕ ತಾನಾಗೇ ನಿಂತ್ರೆ ಸರಿಹೋಯ್ತು ಅಂತ ಅಲ್ಲ, ಅದೇ ದೊಡ್ಡ ಅಪಾಯ. ಹಂಗಾಗಿ ಈ ಚೀಲದ ಜೊತೆ ಒಂದು ಜೊತೆ ಒಣ ಥರ್ಮಲ್ಸು (ಮೈ ಬೆಚ್ಚಗಿಡೋ ಒಳಬಟ್ಟೆ) ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಟ್ಕೊಳ್ಳಿ. ನಡುಗೋಕೆ ಶುರುವಾಗೋ ಮುಂಚೆನೇ ಒಳಗೆ ಹೋಗ್ಬೇಕು, ಕೈ ಮರಗಟ್ಟಿದ್ಮೇಲೆ ಇದನ್ನ ಬಿಡಿಸೋಕೂ ಆಗಲ್ಲ, ನಾವು ಗ್ಲೌಸ್ ಹಾಕ್ಕೊಂಡು ಟ್ರೈ ಮಾಡಿದಾಗಲೇ ಒದ್ದಾಡಿದ್ವಿ.

ಇದು ಇದ್ದಿದ್ರೆ ಅವರೆಲ್ಲ ಉಳೀತಿದ್ರು ಅಂತ ನಾನು ಹೇಳಲ್ಲ. ಆ ಗಾಳಿಲಿ ನಾನಿರ್ಲಿಲ್ಲ, ಇಲ್ಲಿ ಕೂತು ಹಂಗೆ ಹೇಳೋದು ಆ ಮನೆಯವರಿಗೆ ನೋವು ಕೊಟ್ಟಂಗೆ. 2022ರ ಅಕ್ಟೋಬರ್‌ನಲ್ಲಿ ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ನೆಹರು ಪರ್ವತಾರೋಹಣ ಇನ್‌ಸ್ಟಿಟ್ಯೂಟ್ ಟ್ರೈನಿಗಳ ಮೇಲೆ ಹಿಮ ಕುಸೀತಲ್ಲ, ಅಂಥದ್ದಕ್ಕೆ ಯಾವ ಚೀಲನೂ ಏನೂ ಮಾಡಲ್ಲ. ಇದು ಕೊಡೋದು ಕೆಲವು ಗಂಟೆ ಟೈಮು ಅಷ್ಟೇ, ನನ್ನ ಪ್ರಕಾರ ಅದಕ್ಕೇ ಕೊಟ್ಟ ದುಡ್ಡು ಸಾರ್ಥಕ.

ತಗೊಳ್ಳೋರಿಗೆ: ಹೊದ್ಕೊಳ್ಳೋ ಶೀಟ್ ಥರದ್ದು ಬೇಡ, ಗಾಳಿಗೆ ಹಾರಿ ಹರಿದೋಗುತ್ತೆ, ಚೀಲದ ಥರದ್ದೇ ತಗೊಳ್ಳಿ. ಆರಡಿ ಇರೋರು ಉದ್ದ ನೋಡಿ ತಗೊಳ್ಳಿ, ನಮ್ಮಲ್ಲಿ ಎತ್ತರ ಇರೋನಿಗೆ ಭುಜದವರೆಗೂ ಬರ್ಲಿಲ್ಲ. ಗ್ರೂಪಿಗೊಂದು ಅಲ್ಲ, ತಲೆಗೊಂದು, ಅದೂ ಹೇಸರಗತ್ತೆ ಮೇಲೆ ಹೋಗೋ ಲಗೇಜಲ್ಲಿ ಅಲ್ಲ, ನಿಮ್ಮ ಬೆನ್ನ ಮೇಲಿರೋ ಬ್ಯಾಗಲ್ಲಿ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಟ್ ಮಾಡಿದ್ದು ಒಳಗೆ ನೀರಾಗೋದಕ್ಕೆ.