ಶಹಾಬಜಾರ ಕಡಿ ಟೈಪಿಂಗ್ ಕ್ಲಾಸು: ಫ್ಯಾನ್ ಸುಮಾರು, ಕಲಿಸೋದು ಖಡಕ್

ಕಲಬುರ್ಗ್ಯಾಗ ಸರ್ಕಾರಿ ನೌಕರಿ ಕೋಚಿಂಗಿಗೇನು ಬರ ಇಲ್ರಿ, ಎಫ್‌ಡಿಎ, ಪಿಎಸ್ಐ, ಪಿಡಿಓ ಅಂತ ಕಂಬಕ್ಕೊಂದು ಫ್ಲೆಕ್ಸ್, ಒಳಗ ಹೋದ್ರ ಮೊದ್ಲ ಒಂದು ತಾಸು ಮೋಟಿವೇಶನ್ ಭಾಷಣ. ಈ ಕ್ಲಾಸಿನ್ಯಾಗ ಭಾಷಣ ಅನ್ನೋದೇ ಇಲ್ಲ. ಬಂದ್ಯಾ, ಕುಂತ್ಯಾ, ಹೊಡಿ, ಅಷ್ಟೆ.

ಸಣ್ಣ ಗಲ್ಲಿ, ಕೆಳಗ ಝೆರಾಕ್ಸ್ ಅಂಗಡಿ, ಮ್ಯಾಲ ಕ್ಲಾಸು. ಹಳೀ ಟೈಪ್‌ರೈಟರ್ ಎಲ್ಲಾ ರೆಕ್ಸಿನ್ ಹೊದ್ದು ಮೂಲ್ಯಾಗ ಕುಂತಾವ, ಈಗ ಕಂಪ್ಯೂಟರ್. ಶುರುವಿಗೆ ಬರೀ ಎ ಎಸ್ ಡಿ ಎಫ್, ಆ ಕಡಿ ಸೆಮಿಕೋಲನ್ ಎಲ್ ಕೆ ಜೆ, ಅದ ಅದ ಅದ, ತಲಿ ಕೆಟ್ಟ ಹೋಗ್ತದ, ನನ್ನ ಬಾಜೂಕ ಕುಂತಿದ್ದ ಹುಡುಗ ಅದಕ್ಕ ಬ್ಯಾಸತ್ತು ಮಾಯ ಆದ. ಕೀಬೋರ್ಡ್ ನೋಡಿ ಹೊಡದ್ರ ಮೇಡಂ ಸುಮ್ಮ ಬಂದು ಕೈ ಮ್ಯಾಲ ಟವೆಲ್ ಹೊಚ್ಚಿಬಿಡ್ತಾರ. "ತಮ್ಮಾ, ಎಫ್ ಮತ್ತ ಜೆ ಮ್ಯಾಲ ಸಣ್ಣ ಗೆರಿ ಉಬ್ಬ್ಯಾದಲ್ಲ, ಬೆರಳಿಗೆ ಹತ್ತವಲ್ದೇನು? ಅದನ್ನ ಹಿಡದು ಹೋಗು, ಕಣ್ಣು ಕಾಗದದ ಮ್ಯಾಲ ಇರ್ಲಿ."

ಕನ್ನಡದ್ದು ಜರಾ ಜಾಸ್ತಿ ಹೇಳ್ತೀನಿ, ಖರೇ ಮಜಾ ಅಲ್ಲೇ ಅದ. ನುಡಿ ತಂತ್ರಾಂಶ, ಕೆ.ಪಿ. ರಾವ್ ಅವರು ಮಾಡಿದ ಕೀಲಿಮಣೆ. ಮೊಬೈಲಿನ್ಯಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಹೊಡದು ಕನ್ನಡ ಮಾಡೋ ನಮ್ಮಂಥವರಿಗೆ ಮೊದ್ಲ ಗೊಂದಲ ಆಗ್ತದ, ಯಾಕಂದ್ರ ಇದರಾಗ ಅಕ್ಷರಕ್ಕೊಂದು ಎ ಹಚ್ಚೋದು ಬೇಕಿಲ್ಲ. ಕೆ ಎಲ್ ಬಿ ಯು ಆರ್ ಜಿ ಐ, ಏಳೇ ಕೀ, ಕಲಬುರಗಿ ತಯಾರ! ನಡು ಎಫ್ ಹೊಡದ್ರ ಒತ್ತು ಬೀಳ್ತದ, ಕೆ ಎಫ್ ಎಕ್ಸ್ ಅಂದ್ರ ಕ್ಷ. ಟ ಬೇಕಂದ್ರ ಕ್ಯೂ, ಡ ಬೇಕಂದ್ರ ಡಬ್ಲ್ಯು, ಇವೆರಡು ಮಾತ್ರ ಭಾಳ ದಿನ ಕಾಡ್ತಾವ ನೋಡ್ರಿ.

ನನಗ ಹಿಡಿಸಿದ್ದು ಏನಂದ್ರ ದಿನಾ ಕಡೀಕ ಹತ್ತು ನಿಮಿಷದ ಟೆಸ್ಟು, ಪ್ರಿಂಟ್ ತಗದು ತಪ್ಪಿಗೆ ಕೆಂಪು ಪೆನ್ನಿಲೆ ಗೋಲ್ ಹಾಕಿ, ತಾರೀಖು ಸ್ಪೀಡ್ ಬರದು ಕೈಯಾಗ ಕೊಡ್ತಾರ. ಇಂಗ್ಲಿಷಿಗೆ ಐದು ಸ್ಟ್ರೋಕ್ ಅಂದ್ರ ಒಂದು ಪದ ಅಂತ ಲೆಕ್ಕ. ನನ್ನ ಫೈಲಿನ್ಯಾಗ ಮೊದಲನೇ ಹಾಳಿ ನಿಮಿಷಕ್ಕ 9 ಪದ, ಈಗಿಂದು 30ರ ಮ್ಯಾಲ. ನಡಬರಕ 18ಕ್ಕ ಬಂದು ಗಪ್ ನಿಂತಬಿಟ್ಟಿತ್ತು, ಆಗ ಮೇಡಂ ಸ್ಪೀಡಿನ ಮಾತೇ ಬಿಡಿಸಿ, ಎಷ್ಟ ಸಾವಕಾಶ ಆದ್ರೂ ಆಗ್ಲಿ ತಪ್ಪಿಲ್ದ ಹೊಡಿ ಅಂದ್ರು, ಆಮ್ಯಾಲ ತಾನ ಏರ್ಕೋತ ಹೋಯ್ತು. ರೀಲ್ಸ್ ನೋಡಿದ್ರೂ ದಿನಾ ಒಂದು ತಾಸು ಹೋಗೇ ಹೋಗ್ತದ, ಅದರ ಪ್ರಿಂಟ್ ಯಾರ ಕೊಡ್ತಾರ?

ನೌಕರಿ ಸಿಗ್ತದೇನ್ ಅಂತ ಕೇಳಬ್ಯಾಡ್ರಿ, ಮೇಡಂ ಸುದ್ದಾ ಹಂಗ ಹೇಳಂಗಿಲ್ಲ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ನೌಕರ್ಯಾಗ ಮೀಸಲಾತಿ ಕೊಡೋ 371(ಜೆ) ಸರ್ಟಿಫಿಕೇಟ್ ಇಲ್ಲಿ ಎಲ್ಲಾರ ಹತ್ರಾನೂ ಅದ, ಕೈಯಾಗ ಸ್ಪೀಡ್ ಇದ್ದವರು ಕಮ್ಮಿ. ನಾ ಈಗ ಸಂಜಿಗೆ ಒಂದು ಡಿಟಿಪಿ ಅಂಗಡ್ಯಾಗ ಬಾಡಿಗಿ ಕರಾರುಪತ್ರ, ಅರ್ಜಿ ಹೊಡಕೊಡ್ತೀನಿ, ಪೇಜಿಗೆ ಇಷ್ಟು ಅಂತ ರೊಕ್ಕ. ಭಾಳೇನಿಲ್ಲ, ಪೆಟ್ರೋಲಿಗೆ ಅಪ್ಪಾರ ಮುಂದ ಕೈ ಚಾಚೋದು ನಿಂತದ.

ಕೊರತಿ ಅವ. ಬೈಕ್ ನಿಲ್ಸಾಕ ಜಾಗ ಇಲ್ಲ. ಮೇ ತಿಂಗಳ ಬಿಸಲಾಗ ಆ ಮ್ಯಾಲಿನ ಖೋಲ್ಯಾಗ ಎರಡೇ ಫ್ಯಾನು, ಅದರಾಗ ಒಂದು ಬರೇ ಸಪ್ಪಳ ಮಾಡ್ತದ. ಕರೆಂಟ್ ಹೋಯ್ತಂದ್ರ ಯುಪಿಎಸ್ ಇಲ್ಲ, ಹೊಡದಿದ್ದೆಲ್ಲಾ ಹೋಯ್ತು, ಸೇವ್ ಮಾಡ್ಕೋತ ಇರ್ರಿ. ಬೇಸಿಗ್ಯಾಗ ಸೇರೋರು ಮುಂಜಾನಿ ಬ್ಯಾಚೇ ಹಿಡೀರಿ, ಮಧ್ಯಾಹ್ನದ್ದು ಬ್ಯಾಡ. ಫೀ ತಿಂಗಳಿಗೆ 600, ಪ್ರಿಂಟಿಗೆ ಬ್ಯಾರೆ ಕೇಳಂಗಿಲ್ಲ.

ನಾಲ್ಕು ಸ್ಟಾರ್ ಕೊಟ್ಟೀನಿ, ಐದನೇದ್ದು ಯುಪಿಎಸ್ ಹಾಕಿಸಿದ ದಿನ.