ಚಾಪ್ಟರ್ 7 ಮುಗಿದ ಮೇಲೆ ರಿಪೋರ್ಟ್ ಸರಿ ಮಾಡಿಸಿದ್ದು: ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್

ಅಮೆರಿಕದಲ್ಲಿ ಬ್ಯಾಂಕ್ರಪ್ಸಿ (ಸಾಲ ತೀರಿಸಲಾಗದೆ ಕೋರ್ಟಿಗೆ ಹೋಗುವ ದಿವಾಳಿ, ಚಾಪ್ಟರ್ 7 ಅದರ ಒಂದು ಬಗೆ) ಮುಗಿಸಿದ ನಮ್ಮವರು ಯಾರಾದರೂ ಇದ್ದರೆ, ರಿಪೋರ್ಟ್ ಸರಿ ಮಾಡಿಸಿಕೊಡುತ್ತೇವೆ ಅನ್ನುವ ಕ್ರೆಡಿಟ್ ರಿಪೇರಿ ಕಂಪನಿಗೆ ದುಡ್ಡು ಕಟ್ಟುವ ಮೊದಲು ಈ ಸೈಟಿಗೆ ಹೋಗಿ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರು ಬ್ಯೂರೋಗಳ (ನಮ್ಮ ಸಾಲದ ದಾಖಲೆ ಇಡುವ ಕಂಪನಿಗಳ) ರಿಪೋರ್ಟೂ ವಾರಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಕಾರ್ಡ್ ನಂಬರ್ ಕೇಳುವುದಿಲ್ಲ. ಇದೇ ತರಹದ ಹೆಸರಿಟ್ಟುಕೊಂಡು ಕಾರ್ಡ್ ನಂಬರ್ ಕೇಳುವ ಸೈಟುಗಳೂ ಇವೆ, ಹುಷಾರು.

ನಮ್ಮ ಮನೆಯವರ ಆಸ್ಪತ್ರೆ ಬಿಲ್ಲು, ಅದನ್ನು ಕಟ್ಟಲು ಉಜ್ಜಿದ ಕಾರ್ಡುಗಳು, ಎಲ್ಲಾ ಸೇರಿ ನಾವು ಕೋರ್ಟಿಗೆ ಹೋಗಬೇಕಾಯಿತು. ಸಾಲ ಮನ್ನಾ ಮಾಡುವ ಕೋರ್ಟಿನ ಡಿಸ್ಚಾರ್ಜ್ ಆರ್ಡರ್ ಬಂದಾಗ ಎಲ್ಲಾ ಮುಗಿಯಿತು ಅಂದುಕೊಂಡೆವು. ಆಮೇಲೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಾಡಿಗೆ ಮನೆ ಕೇಳಿದರೆ, 'ನಿಮ್ಮ ಮೇಲೆ ಇನ್ನೂ ಬಾಕಿ ತೋರಿಸುತ್ತಿದೆ' ಅಂದರು. ರಿಪೋರ್ಟ್ ತೆಗೆದೆ. ಸೈಟು ಹಳೇ ವಿಳಾಸ, ಹಳೇ ಸಾಲದ ಬಗ್ಗೆ ಒಂದೆರಡು ಪ್ರಶ್ನೆ ಕೇಳಿತು, ಅಷ್ಟೇ. ಒಂದು ಕಾರ್ಡಿನ ಸಾಲಿನಲ್ಲಿ ಪೂರ್ತಿ ಬಾಕಿ ಹಾಗೇ ನಿಂತಿತ್ತು, ಪಕ್ಕದಲ್ಲೇ 'ಗಡುವು ಮೀರಿದೆ' ಅಂತ. ಕೋರ್ಟು ಮನ್ನಾ ಮಾಡಿದ ಸಾಲ ಅದು! ಅಲ್ಲಿ ಬಾಕಿ ಸೊನ್ನೆ ಇರಬೇಕು, 'ಬ್ಯಾಂಕ್ರಪ್ಸಿಯಲ್ಲಿ ಸೇರಿದೆ' ಅಂತ ಬರೆದಿರಬೇಕು. ತುಂಬಾ ಸಂಕಟವಾಯಿತು.

ಒಂದು ವಿಷಯ ತಿಳಿದಿರಲಿ. ಬ್ಯಾಂಕ್ರಪ್ಸಿ ಹಾಕಿದ ದಾಖಲೆಯೇ ತಪ್ಪಲ್ಲ. ಚಾಪ್ಟರ್ 7 ಅರ್ಜಿ ಹಾಕಿದ ದಿನದಿಂದ 10 ವರ್ಷದವರೆಗೆ ಅದು ರಿಪೋರ್ಟಿನಲ್ಲಿ ಇರಬಹುದು. ಅದನ್ನು ಅಳಿಸಿಕೊಡುತ್ತೇವೆ ಅನ್ನುವವರನ್ನು ನಂಬಬೇಡಿ. ಕೆಲಸ ಮಾಡುವ ಮೊದಲೇ ದುಡ್ಡು ಕೇಳುವುದು ಕ್ರೆಡಿಟ್ ರಿಪೇರಿ ಕಂಪನಿಗಳಿಗೆ ಕಾನೂನಿನಲ್ಲೇ ನಿಷೇಧ.

ಈ ಸೈಟು ರಿಪೋರ್ಟ್ ಕೊಡುತ್ತದೆ, ತಿದ್ದುವುದಿಲ್ಲ. ತಿದ್ದಿಸಲು ಬ್ಯೂರೋಗೇ ಡಿಸ್ಪ್ಯೂಟ್ (ತಪ್ಪಿದೆ ಅನ್ನುವ ತಕರಾರು) ಹಾಕಬೇಕು. ನಾನು ಆನ್‌ಲೈನಿನಲ್ಲಿ ಹಾಕಿದ್ದಕ್ಕೆ 'ಪರಿಶೀಲಿಸಿದ್ದೇವೆ, ಸರಿಯಾಗಿದೆ' ಅಂತ ಉತ್ತರ ಬಂತು. ಯಾರೂ ಕಾಗದ ನೋಡಿದ ಹಾಗಿರಲಿಲ್ಲ.

ಎರಡನೇ ಸಲ ಅಂಚೆಯಲ್ಲಿ ಕಳಿಸಿದೆ, ಸರ್ಟಿಫೈಡ್ ಮೇಲ್, ರಿಟರ್ನ್ ರಸೀದಿ ಸಮೇತ. ಇಲ್ಲೇ ಇರುವುದು ವಿಷಯ: ಡಿಸ್ಚಾರ್ಜ್ ಆರ್ಡರಿನಲ್ಲಿ ಯಾವ ಯಾವ ಸಾಲ ಅಂತ ಪಟ್ಟಿ ಇರುವುದಿಲ್ಲ. ಪಟ್ಟಿ ಇರುವುದು ಅರ್ಜಿಯ ಜೊತೆ ಕೊಟ್ಟ ಶೆಡ್ಯೂಲುಗಳಲ್ಲಿ. ಕಾರ್ಡು, ಆಸ್ಪತ್ರೆ ಬಿಲ್ಲು ಇವೆಲ್ಲಾ ಶೆಡ್ಯೂಲ್ ಇ/ಎಫ್‌ನಲ್ಲಿ ಬರುತ್ತವೆ. ಆ ಹಾಳೆಯ ಪ್ರತಿ ತೆಗೆದು, ಬ್ಯಾಂಕಿನ ಹೆಸರಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಖಾತೆಯ ಕೊನೇ ನಾಲ್ಕು ಅಂಕಿ ರಿಪೋರ್ಟಿನ ಪ್ರತಿಯಲ್ಲೂ ಗುರುತು ಮಾಡಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಗೊತ್ತಾಗಬೇಕು, ಅಲ್ವಾ? ಕಾಗದ ಕಳೆದಿದ್ದರೆ ಕೋರ್ಟಿನ ಪೇಸರ್ ಸೈಟಿನಲ್ಲಿ ಪುಟಕ್ಕೆ 10 ಸೆಂಟಿನಂತೆ ಸಿಗುತ್ತದೆ. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಅದೂ ಮಾಫಿ.

ಸಾಮಾನ್ಯವಾಗಿ ಬ್ಯೂರೋ 30 ದಿನದೊಳಗೆ ತನಿಖೆ ಮುಗಿಸಬೇಕು. ಆ ಗಡುವಿನೊಳಗೇ ಉತ್ತರ ಬಂತು. ಬಾಕಿ ಸೊನ್ನೆಯಾಗಿತ್ತು.

ಸೈಟಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕ್ರೆಡಿಟ್ ಸ್ಕೋರ್ (ಸಾಲ ತೀರಿಸುವ ನಂಬಿಕೆಗೆ ಕೊಡುವ ಅಂಕ) ತೋರಿಸುವುದಿಲ್ಲ, ಅದಕ್ಕೆ ಒಂದು ಕಮ್ಮಿ. ಡಿಸ್ಪ್ಯೂಟ್ ಆನ್‌ಲೈನಿನಲ್ಲಿ ಹಾಕುವುದಕ್ಕಿಂತ ಅಂಚೆಯೇ ವಾಸಿ. ಒಂದು ಬ್ಯೂರೋ ತಿದ್ದಿತೆಂದು ಸುಮ್ನೆ ಕೂರಬೇಡಿ, ಉಳಿದ ಎರಡರಲ್ಲೂ ಆ ಖಾತೆ ಹೇಗಿದೆ ಅಂತ ನೋಡಿ.